ಎತ್ತಿಟ್ಟ ಗೂಟಗಳು

ಆ ಮುಂಜಾನೆ ಸಣ್ಣ ಕಾಲುವೆಯ ಗೇಟಿನ ಮುಂದೆ ಯಾರ್ಯಾರಿದ್ದರು ಎಂದು ಈಗಲೂ ಬೆರಳು ಮಡಚಿ ಹೇಳಬಲ್ಲೆ. ಗೇಟಿನ ಚಕ್ರದ ಪಕ್ಕದಲ್ಲಿ ನಾನು, ಕೈಯಲ್ಲಿ ಬೀಗದ ಕೈ. ಒಡ್ಡಿನ ಮೇಲೆ ನಮ್ಮ ಜೂನಿಯರ್ ಇಂಜಿನಿಯರ್ ಸಾಹೇಬರು. ಮಂಡ್ಯದ ಕಡೆಯವರು, ನಮ್ಮ ಸೆಕ್ಷನ್ನಿಗೆ ಬಂದು ಮೂರು ತಿಂಗಳಾಗಿತ್ತು. ಕೆಸರಾಗಬಾರದೆಂದು ಪ್ಯಾಂಟನ್ನು ಮೊಣಕಾಲಿನ ತನಕ ಮಡಚಿದ್ದರು, ಆದರೆ ಬೂಟು ಬಿಚ್ಚಿರಲಿಲ್ಲ. ಅವರ ಎದುರಿಗೆ ಶರಣಪ್ಪ, ಹೆಗಲ ಮೇಲೆ ಸನಿಕೆ. ಅವನ ಹಿಂದೆ ಕಾಲುವೆಯ ಮೇಲ್ಭಾಗದ ಹೊಲದವರು ಹತ್ತು ಹನ್ನೆರಡು ಮಂದಿ. ಈ ಕಡೆ ಮೂರೇ ಜನ. ಪುಣೆಯ ದುಡಿಮೆ ನಿಂತು ಊರಿಗೆ ಬಂದಿದ್ದ ಮೌನೇಶ, ಅವನ ಹೆಂಡತಿ ನಾಗಮ್ಮ, ತಾಯಿ ಹಣಮವ್ವ. ಹಣಮವ್ವನ ಕಂಕುಳಲ್ಲಿ ಕಟ್ಟಡ ಕೆಲಸದವರು ಹಾಕಿಕೊಳ್ಳುವ ಹಳದಿ ಹೆಲ್ಮೆಟ್ಟು, ಅದರೊಳಗೆ ರೊಟ್ಟಿಯ ಬುತ್ತಿ.

"ಮಾಮಾ, ನಮ್ಮ ಗೂಟ ಕೊಡು. ನೆಡ್ತೀನಿ," ಎಂದು ಮೌನೇಶ ನನ್ನನ್ನು ಕೇಳಿದ.

"ಗೂಟ ಇದ್ರ ನೆಡ್ಲಿ. ನಾ ಏನು ಬ್ಯಾಡ ಅನ್ನಂಗಿಲ್ಲ," ಎಂದ ಶರಣಪ್ಪ. "ಇಲ್ಲಂದ್ರ ಅವರಪ್ಪನೇ ಒಯ್ದಾನ, ಪಾಳಿ ಬಿಟ್ಟುಕೊಟ್ಟಾನ ಅಂತ ಅರ್ಥ. ಇದು ನಂದಲ್ಲ, ಈ ಕಾಲುವಿ ಪದ್ಧತಿ."

ಎಲ್ಲರೂ ನನ್ನ ಮುಖ ನೋಡಿದರು. ಆ ಗೂಟ ನನ್ನ ಹತ್ತಿರ ಇರಲಿಲ್ಲ. ಅದನ್ನು ನಾನೇ ಸುಟ್ಟಿದ್ದೆ. ಅದು ಗೊತ್ತಿದ್ದವನು ಆ ಗುಂಪಿನಲ್ಲಿ ನಾನೊಬ್ಬನೇ.

ಈಗ ಕಾಲುವೆಯ ಕೆಲಸಕ್ಕೆ ಸೇರುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಕಂಡಾಗ, "ಖಾಸೀಂ ಕಾಕಾ, ನಿಮ್ಮ ಕಾಲದಾಗ ಕೆಲಸ ಹೆಂಗಿತ್ತು?" ಎಂದು ಕೇಳುತ್ತಾರೆ. ಹೇಗಿತ್ತು ಎಂದರೆ ಹೀಗಿತ್ತು. ಕಾಗದದ ಮೇಲೆ ನನ್ನ ಹುದ್ದೆಗೆ ಒಂದು ಹೆಸರು, ಜನರ ಬಾಯಲ್ಲಿ 'ನೀರಿನವ'. ದೊಡ್ಡ ಕಾಲುವೆಯಿಂದ ಒಡೆದು ಬರುವ ಸಣ್ಣ ಕಾಲುವೆಯ ಗೇಟನ್ನು ತೆರೆಯುವುದು, ಮುಚ್ಚುವುದು, ಮೇಲಿನ ಹೊಲದಿಂದ ತುದಿಯ ಹೊಲದ ತನಕ ಪ್ರತಿಯೊಬ್ಬರಿಗೂ ಅವರವರ ಪಾಳಿಯ ನೀರು ಮುಟ್ಟಿಸುವುದು. ಕೇಳಲು ಇಷ್ಟೇ. ಮಾಡಲು ಹೋದರೆ ಅದು ಗೇಟಿನ ಕೆಲಸವಲ್ಲ, ಮಂದಿಯ ಕೆಲಸ.

ನಾನು ಶಹಾಪುರದ ಹತ್ತಿರದ ಗೋಗಿಯವನು. ಮನೆಯಲ್ಲಿ ನಾವು ಆಡುವ ಮಾತು ದಖನಿ. ಕನ್ನಡ ಕಲಿತದ್ದು ಪಕ್ಕದ ಮನೆಯ ಮಲ್ಲಮ್ಮಜ್ಜಿಯಿಂದ. ಆಕೆ ಬೀಸುವ ಕಲ್ಲಿನ ಮುಂದೆ ಕೂತು ಹೇಳುತ್ತಿದ್ದ ಕಥೆಗಳಿಂದ ಬಂದ ಭಾಷೆ ಇದು. ಅದಕ್ಕೇ ನನ್ನ ಬರವಣಿಗೆ ನೆಟ್ಟಗೆ ಹೋಗುವುದಿಲ್ಲ, ನಡುವೆ ನಿಂತು ಹಿಟ್ಟು ಬಾಚಿಕೊಂಡು ಮುಂದೆ ಹೋಗುತ್ತದೆ. ಸೈರಿಸಿಕೊಳ್ಳಬೇಕು.

ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲೇ ನಾನು ಮಾಡಿದ ಎಡವಟ್ಟನ್ನು ಕೆಂಭಾವಿಯ ಹಳೆಯ ಹೆಣ್ಣುಮಕ್ಕಳು ಇನ್ನೂ ಮರೆತಿಲ್ಲ. ನೀರು ಬಂದ್ ಇದ್ದ ದಿನಗಳಲ್ಲಿ ಕಾಲುವೆಯ ಸಿಮೆಂಟಿನ ತಳ ಬಿಸಿಲಿಗೆ ಕಾದು ಹಂಚಿನಂತಾಗುತ್ತದೆ. ಹೆಣ್ಣುಮಕ್ಕಳು ಅಲ್ಲಿ ಕೆಂಪು ಮೆಣಸಿನಕಾಯಿ ಹರವಿ ಒಣಗಿಸುತ್ತಿದ್ದರು. ಹೊಸಬನಾದ ನಾನು ಆರ್ಡರ್ ಬಂತೆಂದು ಒಂದು ಮಾತು ಕೂಗದೆ ಗೇಟು ಎತ್ತಿಬಿಟ್ಟೆ. ಅರ್ಧ ತಾಸಿನಲ್ಲಿ ಕಾಲುವೆ ತುಂಬ ಕೆಂಪು. ಆ ಕಡೆ ಒಡ್ಡಿನ ಮೇಲೆ ಹೆಣ್ಣುಮಕ್ಕಳು ಜರಡಿ, ಬುಟ್ಟಿ, ಸೆರಗು ಹಿಡಿದು ತೇಲಿಹೋಗುವ ಮೆಣಸಿನಕಾಯಿಯ ಬೆನ್ನು ಹತ್ತಿ ಓಡುತ್ತಿದ್ದಾರೆ, ಓಡುತ್ತಲೇ ನನ್ನ ಏಳು ತಲೆಮಾರನ್ನು ತೊಳೆಯುತ್ತಿದ್ದಾರೆ. ನನಗೆ ಆ ಕೆಲಸ ಕಲಿಸಿದ ಮಾನಪ್ಪ ಮುತ್ತ್ಯಾ ಆ ದಿನ ನನಗೆ ಬೈಯಲಿಲ್ಲ. ಮನೆಯಿಂದ ಒಂದು ಹಿತ್ತಾಳೆ ತಾಟು ತಂದುಕೊಟ್ಟ. "ಗೇಟ್ ಎತ್ತೂಕಿಂತ ಮೊದ್ಲ ಮೂರು ಸಲ ಬಡಿ. ನೀರಿಗಿ ಕಿವಿಯಿಲ್ಲ, ಮಂದಿಗೆ ಅದ," ಎಂದ. ನಿವೃತ್ತಿಯ ತನಕ ಆ ತಾಟು ನನ್ನ ಜೊತೆ ಇತ್ತು.

ಗೂಟದ ಪದ್ಧತಿಯೂ ಮುತ್ತ್ಯಾನದೇ. ಕಾಲುವೆ ಬಂದ ಹೊಸತರಲ್ಲಿ ನೀರಿನ ಸಲುವಾಗಿ ಬಡಿದಾಟ ಹೆಚ್ಚಾಗಿ, ಅವನು ಪ್ರತಿ ಮನೆಯ ಯಜಮಾನನಿಗೂ ಒಂದೊಂದು ಜಾಲಿ ಗೂಟ ಕೆತ್ತಿಕೊಂಡು ಬರಲು ಹೇಳಿದ. ಗೂಟದ ತಲೆಯ ಮೇಲೆ ಅವರವರ ಗುರುತು. ಯಾರದೋ ನೇಗಿಲು, ಯಾರದೋ ಚಂದ್ರ, ಯಾರದೋ ಬರೀ ಮೂರು ಗೀರು. ಗೇಟಿನ ಪಕ್ಕದ ಒಡ್ಡಿನ ಮೇಲೆ ಸಾಲಾಗಿ ಇಪ್ಪತ್ತಾರು ಗೂಟ. ಒಂದು ಕಬ್ಬಿಣದ ಬಳೆ ಇತ್ತು, ಹಳೆಯ ಬಂಡಿಯ ಗಾಲಿಯ ನಡುವಿನ ಗುಂಬದ್ದು. ಆ ಬಳೆ ಯಾರ ಗೂಟಕ್ಕೆ ಬಿದ್ದಿದೆಯೋ ನೀರು ಅವರ ಹೊಲಕ್ಕೆ. ಓದು ಬಾರದವರಿಗೂ ದೂರದಿಂದ ಕಾಣುತ್ತಿತ್ತು. ಬಳೆಯನ್ನು ಮುಂದಿನ ಗೂಟಕ್ಕೆ ಹಾಕುವುದಕ್ಕೆ ಮೊದಮೊದಲು ನೆರಳು ನೋಡುತ್ತಿದ್ದೆವು, ಆಮೇಲೆ ಕೈಗಡಿಯಾರ, ಕೊನೆಗೆ ಮೊಬೈಲು. ಬಳೆ ಮಾತ್ರ ಅದೇ.

ನಮ್ಮ ಭಾಗದ ಮಂದಿ ದುಡಿಯಲು ದೂರ ಹೋಗುವವರು. ತುದಿಯ ಹೊಲದವರಂತೂ ಹೆಚ್ಚು, ಏಕೆಂದರೆ ತುದಿಗೆ ನೀರು ಹೋಗುವುದು ಹೆಸರಿಗೆ. ಹೀಗೆ ಹೋಗುವವರು ಗಂಟು ಕಟ್ಟಿಕೊಂಡು ಬಸ್ಸು ಹತ್ತುವ ಮೊದಲು ಗೇಟಿಗೆ ಬಂದು ತಮ್ಮ ಗೂಟ ಕಿತ್ತು ನೀರಿನವನ ಕೈಗೆ ಕೊಡಬೇಕು. ಅದನ್ನು ಗೇಟಿನ ಪಕ್ಕದ ನನ್ನ ಶೆಡ್ಡಿನ ಗೋಡೆಗೆ ತೂಗುಹಾಕಿದ ಗೋಣಿಚೀಲದಲ್ಲಿ ಎತ್ತಿಡುವುದು ನನ್ನ ಕೆಲಸ. ಅವರು ಬರುವ ತನಕ ಅವರ ಪಾಳಿಯ ನೀರು ಮೇಲಿನ ಹೊಲದವನಿಗೆ. ಅವನು ಅದರ ಬದಲಿಗೆ ಇವರ ಬದು ಕಾಯಬೇಕು, ಮುಳ್ಳು ಕಡಿಯಬೇಕು, ಯಾರೂ ಒತ್ತದಂತೆ ನೋಡಬೇಕು. ಬಂದವರು ಗೂಟ ಇಸಿದುಕೊಂಡು ನೆಟ್ಟರೆ ಮಾತಿಲ್ಲದೆ ನೀರು ಮರಳುತ್ತಿತ್ತು. ಗೂಟವನ್ನು ಚೀಲದಲ್ಲಿ ಇಡದೆ ಮನೆಗೆ ಒಯ್ದವನು ಮಾತ್ರ ಪಾಳಿ ಬಿಟ್ಟುಕೊಟ್ಟಂತೆ. ಇದು ಯಾವ ಆಫೀಸಿನ ಕಾಗದದಲ್ಲೂ ಇರಲಿಲ್ಲ. ಕಾಗದದ ಮೇಲೆ ಎಲ್ಲರಿಗೂ ಎಲ್ಲ ಕಾಲಕ್ಕೂ ನೀರಿತ್ತು.

ಮೌನೇಶನ ಅಪ್ಪ ಗೂಟ ಕೊಟ್ಟುಹೋದದ್ದು ನನಗೆ ಚೆನ್ನಾಗಿ ನೆನಪಿದೆ. ಅದರ ತಲೆಯ ಮೇಲೆ ಒಂದು ಹಕ್ಕಿ. ಹಕ್ಕಿ ಎಂದು ಅವನು ಹೇಳಿದ್ದಕ್ಕೆ ಹಕ್ಕಿ, ನೋಡಿದರೆ ಬದನೆಕಾಯಿ. ಇಡೀ ಸಂಸಾರ ಪುಣೆಗೆ ಹೋಯಿತು. ಮೊದಲ ಎರಡು ವರ್ಷ ಯುಗಾದಿಗೆ ಬಂದರು, ಆಮೇಲೆ ಬರಲಿಲ್ಲ. ಅಪ್ಪ ಅಲ್ಲೇ ತೀರಿಕೊಂಡ ಸುದ್ದಿ ಬಂತು. ಒಂಬತ್ತು ವರ್ಷ ಆ ಗೂಟ ನನ್ನ ಚೀಲದಲ್ಲೇ ಇತ್ತು.

ಇನ್ನು ನಾನು ಅದನ್ನು ಸುಟ್ಟದ್ದು. ಗೇಟಿನ ಮುಂದಿನ ಆ ಮುಂಜಾನೆಗೆ ಒಂದು ವರ್ಷ ಹಿಂದಿನ ಚಳಿಗಾಲ, ಎರಡು ದಿನದಿಂದ ಜಿಟಿಜಿಟಿ ಮಳೆ, ಕಟ್ಟಿಗೆ ಎಲ್ಲ ತೊಯ್ದು ತೊಪ್ಪೆ. ಮುಂಜಾನೆ ಎಂಟಕ್ಕೆ ದೊಡ್ಡ ಸಾಹೇಬರ ಜೀಪು ಗೇಟಿನ ಮುಂದೆ ನಿಂತಿತು. ಹೈದರಾಬಾದಿನ ಕಡೆ ಬೆಳೆದವರು, ನನ್ನ ಜೊತೆ ದಖನಿಯಲ್ಲೇ ಮಾತು. ಯಾವ ಸೆಕ್ಷನ್ನಿಗೆ ಹೋದರೂ ಮೊದಲು ಕೇಳುವುದು ಚಹಾ, ಆಮೇಲೆ ನೀರು. ಒಣಗಿದ್ದು ಅಂತ ಆ ಶೆಡ್ಡಿನಲ್ಲಿ ಇದ್ದದ್ದು ಗೋಡೆಯ ಮೇಲಿನ ಚೀಲವೊಂದೇ. ಕೈ ಹಾಕಿದೆ. ತಳದಲ್ಲಿದ್ದ ಹಳೆಯ ಮೂರು ಗೂಟ ಕೈಗೆ ಬಂದವು. 'ಇವರೇನು ಇನ್ನು ಬರುವವರಲ್ಲ' ಎಂದು ಮನಸ್ಸಿಗೆ ನಾನೇ ಹೇಳಿಕೊಂಡೆ. ಜಾಲಿ ಕಟ್ಟಿಗೆ, ಒಂಬತ್ತು ವರ್ಷ ಒಣಗಿದ್ದು, ಹೊಗೆಯಿಲ್ಲದೆ ಉರಿಯಿತು. ಸಾಹೇಬರು ಎರಡು ಲೋಟ ಕುಡಿದು, "ಕ್ಯಾ ಚಾಯ್ ಬನಾಯಾ ರೇ ಖಾಸೀಂ!" ಎಂದು ಬೆನ್ನು ತಟ್ಟಿ ಹೋದರು. ನನ್ನ ಇಡೀ ನೌಕರಿಯಲ್ಲಿ ಅಷ್ಟು ದೊಡ್ಡ ಅಧಿಕಾರಿ ಬೆನ್ನು ತಟ್ಟಿದ್ದು ಅದೊಂದೇ ಸಲ. ಅದೂ ಮಂದಿಯ ಗೂಟ ಸುಟ್ಟದ್ದಕ್ಕೆ.

ಮರುವರ್ಷ ದೀಪಾವಳಿ ಮುಗಿದ ಮೇಲೆ ನಮ್ಮ ಒಡ್ಡಿನ ದಾರಿಯಲ್ಲಿ ಒಂದು ವಿಚಿತ್ರ ನಡೆಯಿತು. ದುಡಿಯಲು ಹೋಗುವ ದಿನಗಳಲ್ಲಿ ಮಂದಿ ಬರತೊಡಗಿದರು. ಯಾದಗಿರಿಯಲ್ಲಿ ರೈಲು ಇಳಿದು, ಶಹಾಪುರದ ಬಸ್ಸು ಹಿಡಿದು, ಕೆಂಭಾವಿಯ ಕಡೆಯಿಂದ ನಡೆದು. ಯುಗಾದಿಗೆ ಬರುವವರ ಗಂಟು ಬೇರೆ. ಹೊಸ ಪ್ಲಾಸ್ಟಿಕ್ ಕೊಡ, ಮಕ್ಕಳಿಗೆ ಮಿಂಚುವ ಅಂಗಿ, ಬಣ್ಣದ ಡಬ್ಬಿ. ಇವರ ಗಂಟಿನಲ್ಲಿ ಒಲೆ, ತವೆ, ಚಾಪೆ, ಬಾಗಿಲಿನ ಪರದೆ. ಹಬ್ಬಕ್ಕೆ ಬರುವವರು ತವೆ ತರುವುದಿಲ್ಲ. ಮಕ್ಕಳ ತಲೆಯ ಮೇಲೆಲ್ಲ ಹಳದಿ ಹೆಲ್ಮೆಟ್ಟು, ಹೊತ್ತುಕೊಳ್ಳುವುದಕ್ಕಿಂತ ಹಾಕಿಕೊಂಡು ಬರುವುದು ಸಲೀಸು ಎಂದು.

ಆ ಸಾಲಿನಲ್ಲಿ ಮೌನೇಶನೂ ಇದ್ದ. ಹೋಗುವಾಗ ಮೀಸೆ ಮೂಡದ ಹುಡುಗ, ಈಗ ಎರಡು ಮಕ್ಕಳ ತಂದೆ. ಗೇಟಿನ ಹತ್ತಿರ ಗಂಟು ಇಳಿಸಿ ನೀರು ಕುಡಿದ.

"ಯಾಕಪಾ, ಇಷ್ಟು ಜಲ್ದಿ?" ಎಂದೆ.

"ಹದಿನಾಲ್ಕನೇ ಮಾಳಿಗಿಗಿ ಸೆಂಟ್ರಿಂಗ್ ಹೊಡ್ದಿದ್ವಿ ಮಾಮಾ. ಮರುದಿನ ಕಾಂಕ್ರೀಟ್ ಬರೂದಿತ್ತು. ಬರ್ಲೇ ಇಲ್ಲ. ಇವತ್ತು ಬರ್ತದ ನಾಳಿ ಬರ್ತದ ಅಂತ ಹದಿನೈದು ದಿನ ಕುಂತ್ವಿ. ಕ್ರೇನ್ ಹಂಗೇ ಕೈ ಚಾಚಿ ನಿಂತದ. ಅದರ ಮ್ಯಾಲ ಕಾಗಿ ಗೂಡು ಕಟ್ಯಾವ."

"ಮಾಲಕ ಏನಂದ?"

"ಅವಂಗ ರೊಕ್ಕ ಕೊಡೋ ಮಂದಿಗೆ ರೊಕ್ಕ ಕೊಡೋ ಬ್ಯಾಂಕು ಅಮೆರಿಕದಾಗ ಮುಳುಗ್ಯದಂತ. ನಾವು ಕಬ್ಬಿಣ ಕಟ್ಟೋರು, ನಮಗೇನು ತಿಳೀತದ? ಅಲ್ಲಿ ಮುಳುಗಿದ್ರ ಇಲ್ಲಿ ನಾವ್ಯಾಕ ತೊಯ್ಬೇಕು ಅಂತ ಸೂಪರ್‌ವೈಜರ್‌ಗ ಕೇಳ್ದೆ. ಅವನೂ ಗಂಟು ಕಟ್ಟಾಕತ್ತಿದ್ದ."

ನಾನು ನಕ್ಕೆ. ನಗಬಾರದಿತ್ತು. ಆಗ ನನಗೆ ಅವನ ಗೂಟದ ನೆನಪೇ ಇರಲಿಲ್ಲ.

ಬಂದವರು ಸುಮ್ಮನೆ ಕೂಡಲಿಲ್ಲ. ಕಾರ್ತಿಕದಲ್ಲಿ ಒಂದು ಅಕಾಲದ ಮಳೆ ಬಿತ್ತು. ಆ ಹಸಿಯ ಮೇಲೆ ಹಣಮವ್ವ ತಂಗಿಯ ಮನೆಯಿಂದ ತಿನ್ನಲು ತಂದ ಶೇಂಗಾ ಸುಲಿದು ಬೀಜ ಮಾಡಿ ಬಿತ್ತಿಸಿದಳು. ಆ ಹೊಲವನ್ನು ಹತ್ತು ವರ್ಷ ಶರಣಪ್ಪ ಚೊಕ್ಕಟ ಇಟ್ಟಿದ್ದ, ಅದನ್ನು ಹೇಳಲೇಬೇಕು. ಒಂದು ಜಾಲಿ ಗಿಡ ಏಳಗೊಟ್ಟಿರಲಿಲ್ಲ. ಶೇಂಗಾ ಚೆನ್ನಾಗಿ ಎದ್ದಿತು. ಎದ್ದು ಗೇಣುದ್ದ ಆದ ಮೇಲೆ ಹಸಿ ಆರಿತು. ಎಲೆ ಮಧ್ಯಾಹ್ನಕ್ಕೆ ಮಡಚಿಕೊಳ್ಳತೊಡಗಿತು. ಆ ಸರದಿಯ ನೀರು ಸಿಕ್ಕರೆ ಬೆಳೆ, ಇಲ್ಲದಿದ್ದರೆ ದನಕ್ಕೆ ಹೊಟ್ಟು. ಮನೆಯಲ್ಲಿದ್ದ ಕಾಳೆಲ್ಲ ನೆಲದೊಳಗೆ ಹೋಗಿತ್ತು.

ಈ ಕಡೆ ಶರಣಪ್ಪ ಕೆಟ್ಟವನಲ್ಲ. ಅವನ ಮನೆಗೆ ಹೋದವರಿಗೆ ಆ ವರ್ಷ ಕೂಡಲು ಜಾಗವಿರಲಿಲ್ಲ. ಪಡಸಾಲೆ, ಅಡುಗೆಮನೆ, ಮಾಡದ ತನಕ ಹತ್ತಿ. ಹೊರದೇಶದಲ್ಲಿ ಬಟ್ಟೆ ಕೊಳ್ಳುವವರಿಲ್ಲ, ಗಿರಣಿಗೆ ನೂಲು ಬೇಡ, ಶಹಾಪುರದ ಜಿನ್ನಿಂಗಿನಲ್ಲಿ ಹತ್ತಿ ಕೇಳುವವರಿಲ್ಲ ಎಂದು ಬಂಡಿ ಹೇರಿಕೊಂಡು ಹೋದವನು ಹೇರಿಕೊಂಡೇ ಬಂದಿದ್ದ. ಅವನ ಹೆಂಡತಿ ನನ್ನ ಮುಂದೆಯೇ ಅವನನ್ನು ಆಡಿಕೊಂಡಳು. "ನೋಡ್ರಿ ಅಣ್ಣಾ, ರಾಣಿಯಂಗ ಹತ್ತಿ ಮ್ಯಾಲ ಮಲಗಸ್ತೀನಿ ಅಂತ ಲಗ್ನದಾಗ ಹೇಳಿದ್ದ. ಇಪ್ಪತ್ತು ವರ್ಷಕ್ಕ ಮಾತು ಉಳಿಸ್ಕೊಂಡಾನ. ಒಗ್ಗರಣಿ ಹಾಕಾಕ ಅಂಜಿಕಿ ಬರ್ತದ, ಒಂದು ಕಿಡಿ ಸಿಡೀತಂದ್ರ ಅರಮನಿ ಹೋಯ್ತು." ಹತ್ತಿ ಕೈಕೊಟ್ಟಿದ್ದರಿಂದ ಅವನು ಮೌನೇಶ ಬರುವ ಮೊದಲೇ, ಅವರ ಪಾಳಿಯ ನೀರನ್ನು ನಂಬಿ ಎರಡು ಎಕರೆ ಮೆಣಸಿನಕಾಯಿ ಹೆಚ್ಚಿಗೆ ಹಚ್ಚಿದ್ದ. ಅದೀಗ ಹೂವಿನಲ್ಲಿತ್ತು.

ಯಾವುದೋ ದೇಶದಲ್ಲಿ ಮುಳುಗಿದ ಬ್ಯಾಂಕು ಒಬ್ಬನನ್ನು ಪುಣೆಯಿಂದ ಎಬ್ಬಿಸಿ ತಂದಿತ್ತು, ಇನ್ನೊಬ್ಬನ ಅಡುಗೆಮನೆಗೆ ಹತ್ತಿ ತುಂಬಿಸಿತ್ತು, ಇಬ್ಬರನ್ನೂ ನನ್ನ ಗೇಟಿನ ಮುಂದೆ ಎರಡು ತಾಸಿನ ನೀರಿಗಾಗಿ ನಿಲ್ಲಿಸಿತ್ತು. ನಾನು ಏಳನೇ ಇಯತ್ತೆ ಓದಿದವನು. ಜಗತ್ತಿನ ವ್ಯವಹಾರ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನನಗೆ ಕಾಣುವುದು ಆ ಎರಡು ತಾಸು.

ಈಗ ಮೊದಲು ಹೇಳಿದ ಮುಂಜಾನೆಗೆ ಬರುತ್ತೇನೆ.

ಇಂಜಿನಿಯರ್ ಸಾಹೇಬರು ಕೈಯಲ್ಲಿದ್ದ ಪಟ್ಟಿ ಬಿಡಿಸಿದರು. "ಗೂಟ ಗೀಟ ಅಂತ ಏನೂ ಇಲ್ಲ ಕಣಯ್ಯ. ಇವರಪ್ಪನ ಹೆಸರು ಪಟ್ಟಿಯಲ್ಲಿದೆ. ನೀರು ಬಿಡಿ, ಮುಗೀತು."

"ಬಿಡ್ರಿ ಸಾಹೇಬ್ರ," ಎಂದ ಶರಣಪ್ಪ ಶಾಂತವಾಗಿ. "ನೀವು ಬಿಟ್ಟು ಜೀಪ್ ಹತ್ರಿ. ನೀರು ನನ್ನ ಹೊಲ ದಾಟಿ ಹೋಗಬೇಕಲ್ರಿ?"

ಅವನ ಹಿಂದಿನವರು ಸನಿಕೆ ಬದಲಾಯಿಸಿ ಹಿಡಿದರು. ಸಾಹೇಬರು ನನ್ನ ಕಡೆ ನೋಡಿದರು. "ಇವರು ಯಾಕೆ ಜಗಳ ಆಡ್ತಿದ್ದಾರೆ?"

"ಜಗಳ ಅಲ್ರಿ ಸಾಹೇಬ್ರ, ಮಾತಾಡಾಕತ್ತಾರ," ಎಂದೆ. ನಮ್ಮ ಮಾತು ಅವರ ಕಿವಿಗೆ ಯಾವಾಗಲೂ ಜಗಳವೇ.

ಮೌನೇಶ ಮತ್ತೆ ಕೇಳಿದ. "ಮಾಮಾ, ನಮ್ಮಪ್ಪ ನಿನ್ನ ಕೈಯಾಗೇ ಕೊಟ್ಟಾನ. ನಾ ಬಾಜೂಕ ನಿಂತಿದ್ದೆ. ಸುಳ್ಳಾ?"

ನಾಗಮ್ಮ ಮುಂದೆ ಬಂದಳು. ಹೊಲದಿಂದ ಕಿತ್ತು ತಂದಿದ್ದ ಒಂದು ಶೇಂಗಾ ಗಿಡವನ್ನು ನನ್ನ ಮುಂದೆ ಗೇಟಿನ ಕಟ್ಟೆಯ ಮೇಲೆ ಇಟ್ಟಳು. ಅದರ ಎಲೆ ಮುಂಜಾನೆಯ ತಂಪಿನಲ್ಲೂ ಮಡಚಿಕೊಂಡಿತ್ತು.

ಸುಮ್ಮನಿದ್ದರೆ ನಾನು ಬಚಾವು. 'ಚೀಲದಾಗ ಇಲ್ಲಪಾ' ಎಂದರೆ ಸಾಕಿತ್ತು, ಸುಳ್ಳೂ ಆಗುತ್ತಿರಲಿಲ್ಲ. ತಪ್ಪು ತೀರಿಕೊಂಡ ಅಪ್ಪನ ತಲೆಯ ಮೇಲೆ ಹೋಗುತ್ತಿತ್ತು. ನಿಜ ಹೇಳಿದರೆ ಸಾಹೇಬರ ಎದುರೇ ನನ್ನ ನೌಕರಿಯ ಮರ್ಯಾದೆ ಹೋಗುತ್ತಿತ್ತು. ಆ ಗಿಡ ನೋಡಿದೆ.

"ಗೂಟ ಅವರಪ್ಪ ಒಯ್ದಿಲ್ಲ," ಎಂದೆ. "ಚೀಲದಾಗೇ ಇತ್ತು. ಹಕ್ಕಿ ಗುರ್ತಿಂದು. ಹ್ವಾದ ವರ್ಷ ಮಳ್ಯಾಗ ದೊಡ್ಡ ಸಾಹೇಬ್ರು ಬಂದ್ರು. ಕಟ್ಟಿಗಿ ತೊಯ್ದಿದ್ದವು. ನಾ ಅದನ್ನ ಒಲಿಗಿ ಹಾಕಿ ಚಹಾ ಮಾಡ್ದೆ."

ಮೌನೇಶನ ಮುಖ ಬಿಗಿಯಿತು, ಸಾಹೇಬರ ಕೈಯಲ್ಲಿದ್ದ ಪಟ್ಟಿ ಕೆಳಗಿಳಿಯಿತು. ಮೊದಲು ಬಾಯಿ ಬಿಟ್ಟವಳು ಹಣಮವ್ವ.

"ನನ್ನ ಗಂಡ ಆ ಹಕ್ಕಿ ಕೆತ್ತಾಕ ಮೂರು ದಿನ ಕೂತಿದ್ದ, ತಮ್ಮಾ. ಕೈ ಕೊಯ್ಕೊಂಡಿದ್ದ." ಹೆಲ್ಮೆಟ್ಟನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿದಳು. "ಚಹಾ ಆದ್ರೂ ಚಲೋ ಆಗಿತ್ತೇನು?"

"ಚಲೋ ಆಗಿತ್ತು ಅಕ್ಕಾ. ಸಾಹೇಬ್ರು ಎರಡು ಲೋಟ ಕುಡುದ್ರು."

"ಹಂಗಾರ ಆಗ್ಲಿ. ಬದುಕಿದ್ದಾಗ ಯಾವ ಸಾಹೇಬನೂ ಅವನ ಕೈಲಿಂದ ಏನೂ ಇಸ್ಗೊಂಡಿರ್ಲಿಲ್ಲ."

ಶರಣಪ್ಪನ ಹಿಂದೆ ನಿಂತಿದ್ದ ಒಬ್ಬ ತಡೆಯಲಾರದೆ ಕಿಸಕ್ಕನೆ ನಕ್ಕ. "ಬದನಿಕಾಯಿ ಚಹಾ!" ಎಂದ ಇನ್ನೊಬ್ಬ. "ಅದು ಹಕ್ಕಿಲೇ," ಎಂದು ಹಣಮವ್ವ ಗದರಿಸಿದಳು, ಆಮೇಲೆ ತಾನೂ ನಕ್ಕಳು. ಶರಣಪ್ಪ ನಗು ನುಂಗಲು ಮುಖ ಆ ಕಡೆ ತಿರುಗಿಸಿದ. ಮತ್ತೆ ಈ ಕಡೆ ತಿರುಗಿದಾಗ ನಗು ಇರಲಿಲ್ಲ.

"ಗೂಟದ ಮಾತು ಒಪ್ಪಿದೆ. ಪಾಳಿ ಅವರದೇ. ಆದ್ರ ಖಾಸೀಂಸಾಬ, ನನ್ನ ಮೆಣಸಿನಕಾಯಿ? ಹೂವು ಉದುರಿತಂದ್ರ ಅದರ ಚಹಾ ಯಾರ್ ಕುಡೀತಾರ?"

ಅದಕ್ಕೆ ಉತ್ತರ ಇದ್ದದ್ದು ಮೌನೇಶನ ಹತ್ತಿರ, ಅವನಿಗೂ ಅದು ಗೊತ್ತಿರಲಿಲ್ಲ. ಅವನು ಕೇಳಿದ್ದು ಇಷ್ಟೇ. "ಎರಡು ತಾಸು ನೀರು ಬಿಟ್ರ ನಮ್ಮ ಹೊಲಕ ಎಷ್ಟು ಹೊತ್ತು ಬರ್ತದ ಮಾಮಾ?"

"ಮುಟ್ಟೂದ್ರಾಗ ಒಂದು ತಾಸು ಮ್ಯಾಲೇ ಹೋಗ್ತದ. ತುದಿ ಅಲ್ಲೇನು? ತುದಿಗೆ ಹಂಗೇ."

"ಯಾಕ ಹಂಗೇ?"

ಇಪ್ಪತ್ತು ವರ್ಷದಲ್ಲಿ ಈ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಮೌನೇಶ ಮನೆಗೆ ಹೋಗಿ ಒಂದು ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಪೈಪಿನ ಸುರುಳಿ ತಂದ, ಬೆರಳು ಗಾತ್ರದ್ದು. ಕಟ್ಟಡದ ಮೇಲೆ ಮಟ್ಟ ನೋಡಲು ಬಳಸುವುದು. ಅದರಲ್ಲಿ ನೀರು ತುಂಬಿಸಿ ಒಂದು ತುದಿ ನಾಗಮ್ಮನ ಕೈಗೆ ಕೊಟ್ಟ, ಇನ್ನೊಂದು ತುದಿ ತಾನು ಹಿಡಿದ. ಎರಡು ಕಡೆಯೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನೆಲ ಎಲ್ಲಿ ಏರಿದೆ ಎಲ್ಲಿ ಇಳಿದಿದೆ ಅದು ಸುಳ್ಳು ಹೇಳುವುದಿಲ್ಲ. ಶರಣಪ್ಪನ ಹೊಲದ ಅಂಚಿನಿಂದ ತುದಿಯ ತನಕ ಇಬ್ಬರೂ ಕಾಲುವೆಯಲ್ಲಿ ಇಳಿದು ಹೆಜ್ಜೆ ಹೆಜ್ಜೆಗೆ ಕಡ್ಡಿ ಚುಚ್ಚುತ್ತ ಹೋದರು. ಹಿಂದೆ ನಾವೆಲ್ಲ, ಮದುವೆಯ ದಿಬ್ಬಣದ ಹಾಗೆ. ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ಸಾಹೇಬರೂ ಕಾಲುವೆಯಲ್ಲಿ ಇಳಿದರು.

ನಡುವೆ ಹಳೆಯ ಬಂಡಿದಾರಿ ಕಾಲುವೆಯನ್ನು ದಾಟುವ ಕಡೆ ಮೌನೇಶ ನಿಂತ. "ಇಲ್ಲದ ನೋಡ್ರಿ. ಇಲ್ಲಿ ಮೊಳದ ಮ್ಯಾಲ ಏರ್ಯದ." ಬಂಡಿಗೆ ಸಲೀಸಾಗಲೆಂದು ವರ್ಷ ವರ್ಷ ಮಣ್ಣು ಹಾಕಿ ಹಾಕಿ ಅಲ್ಲಿ ಕಾಲುವೆಯ ತಳವೇ ದಿಬ್ಬವಾಗಿತ್ತು. ಅದರ ಹಿಂದೆ ನೀರು ನಿಂತು, ಪಕ್ಕದ ತಗ್ಗಿಗೆ ಹೊರಳಿ, ತಗ್ಗು ತುಂಬಿದ ಮೇಲೆ ದಿಬ್ಬ ಹತ್ತಿ ಮುಂದೆ ಹೋಗುತ್ತಿತ್ತು. ಒಂದು ತಾಸಿನ ನೀರನ್ನು ದಿನದಿನವೂ ಆ ತಗ್ಗಿನ ಆಪು ಹುಲ್ಲು ಕುಡಿಯುತ್ತಿತ್ತು. ನಾನು ನೂರಾರು ಸಲ ಅದರ ಮೇಲೆ ನಡೆದಿದ್ದೆ.

ಶರಣಪ್ಪ ಹೆಗಲ ಮೇಲಿನ ಸನಿಕೆ ಇಳಿಸಿದ. ಅದನ್ನು ಬೇರೆ ಕೆಲಸಕ್ಕೆ ತಂದಿದ್ದ, ಇದಕ್ಕೆ ಬಳಸಿದ. ಪುಣೆಯಿಂದ ಬಂದು ಖಾಲಿ ಕೂತಿದ್ದ ಇನ್ನೂ ಏಳೆಂಟು ಮಂದಿಯನ್ನು ಮೌನೇಶ ಕೂಗಿ ಕರೆದ. ಗೌಂಡಿ, ಬಡಿಗ, ಕಬ್ಬಿಣ ಕಟ್ಟುವವರು. ಹದಿನಾಲ್ಕು ಮಾಳಿಗೆ ಎತ್ತಿದವರಿಗೆ ಒಂದು ದಿಬ್ಬ ಎಷ್ಟರದು? ಎರಡು ದಿನದಲ್ಲಿ ದಿಬ್ಬ ಕಡಿದು, ತಗ್ಗು ಕಟ್ಟಿ, ಯಾರ್ಯಾರ ಹಿತ್ತಲಲ್ಲೋ ಬಿದ್ದಿದ್ದ ಒಡಕು ಪರ್ಸಿಕಲ್ಲಿನ ಚಪ್ಪಡಿ ತಂದು ತಳಕ್ಕೆ ಹಾಸಿದರು. ಬಂಡಿಗೆ ಎರಡು ಉದ್ದ ಕಲ್ಲು ಅಡ್ಡ ಇಟ್ಟರು. ಹೆಣ್ಣುಮಕ್ಕಳು ಹೆಲ್ಮೆಟ್ಟಿನಲ್ಲೇ ಮಣ್ಣು ಹೊತ್ತರು. ಶರಣಪ್ಪನ ಹೆಂಡತಿ ಎರಡು ದಿನವೂ ಎಲ್ಲರಿಗೂ ಬುತ್ತಿ ತಂದಳು. "ಹತ್ತಿ ಮ್ಯಾಲ ಕೂತು ಮಾಡಿದ ಪಲ್ಯ, ಮೆತ್ತಗದ, ಉಣ್ರಿ," ಎಂದು ಬಡಿಸಿದಳು.

ಮೂರನೆಯ ದಿನ ಹೊಸ ಗೂಟ ನೆಟ್ಟೆವು. ಅದನ್ನು ನಾನೇ ಕೆತ್ತಿದ್ದೆ, ನನ್ನ ಹಕ್ಕಿ ಇನ್ನೂ ಕೆಟ್ಟದಾಗಿತ್ತು. ಬಳೆ ಹಾಕಿ, ತಾಟು ಮೂರು ಸಲ ಬಡಿದು, ಗೇಟು ಎತ್ತಿ, ನೀರಿನ ಮುಂದೆ ಮುಂದೆ ಓಡಿದೆ. ಕಾಲು ತಾಸಿಗೆ ನೀರು ತುದಿಯ ಹೊಲ ಮುಟ್ಟಿತು. ಬಿರುಕು ಬಿಟ್ಟ ನೆಲ ನೀರು ಕುಡಿಯುವ ಸಪ್ಪಳ ಕೇಳಿದ್ದೀರಾ? ಮಗು ಹಾಲು ಕುಡಿದಂತೆ ಇರುತ್ತದೆ. ನಾಗಮ್ಮ ಸೀರೆ ಎತ್ತಿ ಕಟ್ಟಿ ಸಾಲಿನಿಂದ ಸಾಲಿಗೆ ನೀರು ತಿರುಗಿಸುತ್ತ, "ಅತ್ತೀ, ಇಲ್ಲಿ ಬಂತು, ಇಲ್ಲೂ ಬಂತು," ಎಂದು ಕೂಗುತ್ತಿದ್ದಳು. ಇನ್ನೂ ಅರ್ಧ ತಾಸಿಗಿಂತ ಹೆಚ್ಚು ಪಾಳಿ ಉಳಿದಿರುವಾಗಲೇ ಹೊಲ ತುಂಬಿತು. ಮೌನೇಶ ಮೇಲೆ ಬಂದು ಶರಣಪ್ಪನ ಕಡೆ ನೋಡಿ, "ಕಾಕಾ, ಉಳದದ್ದು ನೀ ಹರಿಸ್ಕೋ. ಮೆಣಸಿನಕಾಯಿಗಿ," ಎಂದ. ನಾನು ಬಳೆ ತೆಗೆದು ಶರಣಪ್ಪನ ಗೂಟಕ್ಕೆ ಹಾಕಿದೆ.

ಆ ದಿನ ನೀರು ನೋಡಲು ಮತ್ತೆ ಬಂದಿದ್ದ ಇಂಜಿನಿಯರ್ ಸಾಹೇಬರು ಹೋಗುವಾಗ ನನ್ನನ್ನು ಜೀಪಿನ ಹಿಂದೆ ಕರೆದರು. ಮೆಮೊ ಕೊಡುತ್ತಾರೆಂದು ನಾನು ಕೈ ಕಟ್ಟಿ ನಿಂತೆ.

"ಒಟ್ಟು ಎಷ್ಟು ಗೂಟ ಸುಟ್ರಿ?"

"ಮೂರ್ರಿ ಸಾಹೇಬ್ರ."

"ಉಳಿದ ಇಬ್ಬರು ಬಂದುಬಿಟ್ರೆ?"

"ಅದಕ್ಕೇ ಊಟ ಸೇರವಲ್ದು ನೋಡ್ರಿ."

"ಇವತ್ತೇ ಕೆತ್ತಿಡಿ," ಎಂದರು. ಬೂಟಿನ ಮಣ್ಣು ಕೊಡವಿ ಜೀಪು ಹತ್ತಿ ಕೂತ ಮೇಲೆ ತಲೆ ಹೊರಗೆ ಹಾಕಿ, "ಇನ್ಮೇಲೆ ಟೀಗೆ ಗ್ಯಾಸ್ ಒಲೆ ಇಟ್ಕೊಳ್ಳಿ," ಎಂದರು. ಆ ತಿಂಗಳ ವರದಿಯಲ್ಲಿ ಅವರು 'ನೀರು ತುದಿಯನ್ನು ತಲುಪಿದೆ' ಎಂದು ಬರೆದರು. ಆ ಸಾಲು ಪ್ರತಿ ತಿಂಗಳ ವರದಿಯಲ್ಲೂ ಇರುತ್ತಿತ್ತು. ನಿಜವಾಗಿದ್ದದ್ದು ನನಗೆ ತಿಳಿದಂತೆ ಆಗಲೇ ಮೊದಲು.

ಈಗ ಗೂಟಗಳಿಲ್ಲ. ಪಾಳಿಯ ಸುದ್ದಿ ಮೊಬೈಲಿಗೆ ಬರುತ್ತದೆ, ಒಳ್ಳೆಯದೇ, ಅದನ್ನು ಯಾರೂ ಒಲೆಗೆ ಹಾಕಲಾರರು. ಹೊಸಬರಿಗೆ ನಾನು ಹೇಳುವುದು ಒಂದೇ. ದುಡಿಯಲು ಹೋದವರು ಬರುವುದಿಲ್ಲ ಎಂದು ನೀವು ತೀರ್ಮಾನ ಮಾಡಬೇಡಿ. ಬರುತ್ತಾರೆ. ಅವರು ಹೋಗುವುದೂ ಬರುವುದೂ ನಮ್ಮ ಗೇಟಿನ ಕೈಯಲ್ಲಿಲ್ಲ, ಅವರ ಕೈಯಲ್ಲೂ ಇಲ್ಲ. ಬಂದಾಗ ಅವರ ಪಾಳಿ ಅಲ್ಲಿರಬೇಕು.

ಹತ್ತಿ ಶರಣಪ್ಪನ ಮನೆಯಲ್ಲಿ ಮುಂದಿನ ಮುಂಗಾರಿನ ತನಕ ಇತ್ತು. ಶೇಂಗಾ ಬಂತು, ಮೆಣಸಿನಕಾಯಿಯೂ ಬಂತು. ಹೊರಗಿನ ಕೆಲಸ ತೆರೆಯಲು ಮಾತ್ರ ಬಹಳ ದಿನ ಬೇಕಾಯಿತು.

ಎರಡನೆಯ ವರ್ಷದ ದಸರೆ ಕಳೆದ ಮೇಲೆ ಪುಣೆಯಿಂದ ಮೌನೇಶನಿಗೆ ಫೋನು ಬಂತು. ಹದಿನಾಲ್ಕನೇ ಮಾಳಿಗೆಗೆ ಕಾಂಕ್ರೀಟು ಬಂದಿದೆಯಂತೆ. ಒಂದು ಶುಕ್ರವಾರ ಅವನು ಚೀಲ ಹೆಗಲಿಗೆ ಹಾಕಿಕೊಂಡು ಗೇಟಿಗೆ ಬಂದ. ನಾನು ಎದ್ದು ಗೂಟಕ್ಕಾಗಿ ಕೈ ಚಾಚಿದೆ.

"ಗೂಟ ಇದ್ದಲ್ಲೇ ಇರ್ಲಿ ಮಾಮಾ. ನಾ ಒಬ್ನೇ ಹೊಂಟೀನಿ," ಎಂದ. ಚೀಲದಿಂದ ಆ ಪೈಪಿನ ಸುರುಳಿ ತೆಗೆದು ನನ್ನ ಚಾಚಿದ ಕೈಯಲ್ಲಿ ಇಟ್ಟ. "ಇದನ್ನ ಇಟ್ಕೋ. ಇದರ ಮ್ಯಾಲ ಚಹಾ ಕುದಿಯಂಗಿಲ್ಲ."

ಅವನು ಬಸ್ಸಿಗೆ ನಡೆದ. ಮಧ್ಯಾಹ್ನ ಅವರ ಪಾಳಿ ಇತ್ತು. ನಾನು ಬಳೆಯನ್ನು ಹಕ್ಕಿಯ ಗೂಟಕ್ಕೆ ಹಾಕಿ, ತಾಟು ಮೂರು ಸಲ ಬಡಿದು, ಗೇಟು ಎತ್ತಿದೆ. ತುದಿಯ ಹೊಲದಿಂದ ನಾಗಮ್ಮ ಸನಿಕೆ ಎತ್ತಿ ತೋರಿಸಿದಳು.